ನಾಲ್ಕು ಕಡ್ಡಿ, ಒಂದು ಕೋಡುಬಳೆ

(ಮಾತಾಡುವವರು ಇಬ್ಬರು. ಒಬ್ಬರು ಗಡಹಿಂಗ್ಲಜ ತಾಲೂಕಿನ ಕನ್ನಡದ ಊರೊಂದರ ಹಿರಿಯರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಕೊಲ್ಹಾಪುರದಲ್ಲಿ ಅರ್ಥಶಾಸ್ತ್ರ ಓದುವವಳು.)

ಕಿರಿಯಳು: ಕಾಕಾ, ಹೀಗೊಂದು ಇಟ್ಟುಕೊಳ್ಳೋಣ. ಇಚಲಕರಂಜಿಯ ಮಗ್ಗದವರ ಮನೆಯ ಹುಡುಗನೊಬ್ಬ ಓದಲಿಕ್ಕೆಂದು ಜಪಾನಿನ ಒಸಾಕಾಕ್ಕೆ ಹೋಗಿದ್ದಾನೆ. ಅಂದು ನವೆಂಬರ್ 11. ಕಾಲೇಜಿಗೆ ಹೋಗಿ ನೋಡಿದರೆ ಕಂಡವರ ಕೈಯಲ್ಲೆಲ್ಲ ಒಂದು ಕೆಂಪು ಪೊಟ್ಟಣ. ಒಳಗೆ ಊದುಬತ್ತಿಯಷ್ಟು ಸಪೂರ ಬಿಸ್ಕಿಟಿನ ಕಡ್ಡಿಗಳು, ಹಿಡಿಯಲಿಕ್ಕೆ ಬೇಕಾದಷ್ಟು ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಚಾಕೊಲೇಟು. ಎದುರಾದವರು ಒಂದು ಕಡ್ಡಿ ಕೊಟ್ಟು ನಕ್ಕು ಮುಂದೆ ಹೋಗುತ್ತಾರೆ. ಯಾವ ದೇವರದು ಅಂತ ಕೇಳಿದರೆ ದೇವರಿಲ್ಲ. ಯಾರ ಜಯಂತಿ ಅಂತ ಕೇಳಿದರೆ ಯಾರದೂ ಅಲ್ಲ. 'ಪೊಕ್ಕಿ' ಅನ್ನುವ ಆ ತಿಂಡಿಯದೇ ಹಬ್ಬವಂತೆ! 11–11 ಎಂದು ಬರೆದರೆ ನಾಲ್ಕು ಕಡ್ಡಿ ಸಾಲಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ ಎನ್ನುವುದೊಂದೇ ಕಾರಣ. ಎಝಾಕಿ ಗ್ಲಿಕೊ ಕಂಪನಿ ಈ ಕಡ್ಡಿಯನ್ನು ಪೇಟೆಗೆ ತಂದದ್ದು 1966ರಲ್ಲಿ. ಕಡ್ಡಿ ಮುರಿದಾಗ ಜಪಾನಿನವರ ಕಿವಿಗೆ 'ಪೊಕ್ಕಿನ್' ಅಂತ ಕೇಳಿಸುತ್ತದಂತೆ, ಹೆಸರು ಅದರಿಂದ ಬಂತು. ಹಬ್ಬ ಸಾರಿದ್ದೂ ಅದೇ ಕಂಪನಿ, 1999ರಲ್ಲಿ. ಅವರ ಹೇಯ್ಸೆಯ್ ಶಕೆಗೆ ಆಗ 11ನೇ ವರ್ಷ, ಹಾಗಾಗಿ ವರ್ಷ, ತಿಂಗಳು, ತಾರೀಖು ಮೂರಕ್ಕೂ 11 ಕೂಡಿಬಂತು. ನನ್ನ ತಕರಾರು ನೇರವಾಗಿದೆ: ಇದಕ್ಕೆ ಹಬ್ಬ ಎನ್ನುವ ಶಬ್ದ ಯಾಕೆ ಖರ್ಚು ಮಾಡಬೇಕು? ಇದು ಮುಗಿಯದ ಜಾಹೀರಾತು. ನಮ್ಮ ಹುಡುಗ ಅಲ್ಲಿ ನಿಂತು ಬೆರಗಾಗುವುದಕ್ಕಿಂತ ಲೆಕ್ಕ ಹಾಕುವುದು ಒಳ್ಳೆಯದು.

ಹಿರಿಯರು: ಲೆಕ್ಕ ಹಾಕಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಇಚಲಕರಂಜಿಯವನಾಗಿ ಅವನಿಗೆ ಬೆರಗಾಗುವ ಹಕ್ಕಂತೂ ಇಲ್ಲ. ಅವನ ಊರಲ್ಲಿ ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳ ಹಬ್ಬ ಆಗುತ್ತದೆ. ಮರಾಠಿಯವರು ಅದಕ್ಕೆ 'ಕರ್ನಾಟಕಿ ಬೇಂದೂರ' ಎನ್ನುತ್ತಾರೆ, ನಮಗೆ ಅದು ಕಾರಹುಣ್ಣಿಮೆ. ಆಷಾಢದಲ್ಲಿ ಇನ್ನೊಂದು ಬೇಂದೂರ ಬರುತ್ತದೆ, ಅದು ಮಹಾರಾಷ್ಟ್ರದ್ದು. ಎತ್ತಿಗೆ ಗಡಿ ತಂಟೆ ಗೊತ್ತಿಲ್ಲ. ಈ ಜಿಲ್ಲೆಯಲ್ಲಿ ಅದಕ್ಕೆ ಎರಡು ಸಲ ಸಿಂಗಾರ. ಇರಲಿ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಆ ಕೊಂಬಿಗೆ ಏನು ತೊಡಿಸುತ್ತಾರೆ? ಕೋಡುಬಳೆ. ಕೋಡಿಗೆ ಹಾಕುವ ಬಳೆ. ಕೊಂಬು ಕಂಡವರಿಗೆ ಕೈ ನೆನಪಾಯಿತು, ಕೈ ನೆನಪಾದದ್ದಕ್ಕೆ ಬಳೆ, ಬಳೆಯ ಆಕಾರದಲ್ಲಿ ಹಿಟ್ಟು ನಾದಿ ಕರಿದರು. ಮರಾಠಿಯ 'ಕಡಬೋಳಿ' ಕಿವಿಗೆ ಇದರ ಒಡಹುಟ್ಟಿದವಳ ಹಾಗೇ ಕೇಳುತ್ತದೆ. ಈಗ ನೀನೇ ಹೇಳು, ಅಂಕಿಯಲ್ಲಿ ಕಡ್ಡಿ ಕಂಡವರಿಗೂ ಕೊಂಬಿನಲ್ಲಿ ಮುಂಗೈ ಕಂಡವರಿಗೂ ಬುದ್ಧಿ ಓಡಿದ ದಾರಿ ಬೇರೆಯೇ? ಎರಡೂ ಕಡೆ ಆಕಾರದ ಮೇಲೆ ಒಂದು ಚೇಷ್ಟೆ ಮಾಡಿದ್ದಾರೆ, ಚೇಷ್ಟೆ ಬಾಯಿಗೆ ರುಚಿಸಿದ್ದರಿಂದ ಉಳಿದಿದೆ.

ಶಬ್ದದ ಚೇಷ್ಟೆಯೂ ಹಾಗೆಯೇ. ಜಪಾನಿ ಭಾಷೆಯಲ್ಲಿ ಎರಡಕ್ಕೆ 'ನಿ', ಒಂಬತ್ತಕ್ಕೆ 'ಕು'. 'ನಿಕು' ಅಂದರೆ ಮಾಂಸ. ಅದಕ್ಕೆ ಪ್ರತಿ ತಿಂಗಳು 29ನೇ ತಾರೀಖು ಮಾಂಸದಂಗಡಿಯವರಿಗೆ ಸುಗ್ಗಿ. ಆಗಸ್ಟ್ 29, ಎಂಟು–ಎರಡು–ಒಂಬತ್ತು, 'ಯಾಕಿನಿಕು', ಎಂದರೆ ಕೆಂಡದ ಮೇಲೆ ಸುಟ್ಟ ಮಾಂಸ. ಇನ್ನೂ ಒಂದು ಸೊಗಸಿದೆ. ತಿಂಗಳ 22ನೇ ತಾರೀಖಿಗೆ ಅವರು ಸ್ಟ್ರಾಬೆರಿ ಇಟ್ಟ ಕೇಕು ತಿನ್ನುತ್ತಾರೆ. ಯಾಕೆ ಅಂದರೆ ಕ್ಯಾಲೆಂಡರಿನಲ್ಲಿ 22ರ ನೇರ ಮೇಲಿನ ಮನೆಯಲ್ಲಿ ಕೂತಿರುವುದು 15. ಹದಿನೈದನ್ನು ಬಿಡಿಬಿಡಿಯಾಗಿ ಓದಿದರೆ 'ಇಚಿ–ಗೊ', ಸ್ಟ್ರಾಬೆರಿಯ ಹೆಸರೂ 'ಇಚಿಗೊ'. ಕೇಕಿನ ಮೇಲೆ ಹಣ್ಣು, ಇಪ್ಪತ್ತೆರಡರ ಮೇಲೆ ಹದಿನೈದು! ಇದನ್ನು ಹುಚ್ಚು ಅನ್ನುವ ಮೊದಲು ನಮ್ಮ ಸಂಕ್ರಾಂತಿ ನೋಡು. ಎಳ್ಳು, ಬೆಲ್ಲ, ಒಳ್ಳೆಯದು — ಈ ಮೂರು ಶಬ್ದ ಒಂದರ ಬೆನ್ನಿಗೊಂದು ಬಂದು ತಾಗುವುದರಿಂದಲ್ಲವೇ ಕನ್ನಡದವರು ಕುಸುರೆಳ್ಳು ಕೊಟ್ಟು ಒಳ್ಳೆ ಮಾತಾಡೋಣ ಎನ್ನುವುದು? ಮರಾಠಿಯಲ್ಲೂ ಗುಳ, ಗೋಡ, ಬೋಲ ಕೂಡಿ ಅದೇ ಕೆಲಸ ಮಾಡುತ್ತವೆ. ಬೆಲ್ಲಕ್ಕೆ ಬೇರೆ ಹೆಸರಿದ್ದರೆ ಬಯಕೆಯೂ ಬೇರೆ ಇರುತ್ತಿತ್ತೋ ಏನೋ.

ಕಿರಿಯಳು: ಚಂದ ಹೇಳಿದಿರಿ. ಆದರೆ ಜಾಣತನದಿಂದ ಒಂದು ವ್ಯತ್ಯಾಸ ದಾಟಿಬಿಟ್ಟಿರಿ. ಕೋಡುಬಳೆಯನ್ನು ಮೊದಲು ಕೊಂಬಿಗೆ ಹಾಕಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ, ಅವರು ಅದರಿಂದ ದುಡ್ಡು ಗಳಿಸಲಿಲ್ಲ. ಪೊಕ್ಕಿ ಹಬ್ಬಕ್ಕೆ ಹುಟ್ಟಿದ ವರ್ಷ ಇದೆ, ಹಡೆದ ಕಂಪನಿ ಇದೆ. ಜಪಾನಿನಲ್ಲಿ ಇಂಥ ದಿನಗಳನ್ನು ದಾಖಲು ಮಾಡಿಕೊಳ್ಳಲಿಕ್ಕೇ ಒಂದು ಸಂಘ ಇದೆ, ಅಲ್ಲಿ ನೋಂದಣಿಯೂ ಆಗಿದೆ. ಚೇಷ್ಟೆ ಒಂದೇ ಇರಬಹುದು, ಚೇಷ್ಟೆ ಮಾಡಿದವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಅಲ್ಲ.

ಹಿರಿಯರು: ಶುರು ಮಾಡಿದವನ ಮನಸ್ಸನ್ನು ಅಳತೆಗೋಲು ಮಾಡಿಕೊಂಡರೆ ಯಾವ ಹಬ್ಬವೂ ಪಾರಾಗಲಿಕ್ಕಿಲ್ಲ. ಜಪಾನಿನ ಇನ್ನೊಂದು ಉದಾಹರಣೆ ತಗೋ. ನಡುಬೇಸಿಗೆಯಲ್ಲಿ, ಅವರ ಪಂಚಾಂಗ 'ಎತ್ತಿನ ದಿನ' ಎಂದು ಕರೆಯುವ ದಿನ, ದೇಶವೆಲ್ಲ ಹಾವುಮೀನು ತಿನ್ನುತ್ತದೆ. ಈ ರೂಢಿಯ ಬೆನ್ನಿಗೆ ಒಂದು ಕಥೆ ಇದೆ. ಹದಿನೆಂಟನೇ ಶತಮಾನದ ಪಂಡಿತ ಹಿರಾಗಾ ಗೆನ್ನಾಯ್ ಹತ್ತಿರ ಹಾವುಮೀನಿನ ಅಂಗಡಿಯವನೊಬ್ಬ ಬಂದು, ಬೇಸಿಗೆಯಲ್ಲಿ ಗಿರಾಕಿಯೇ ಇಲ್ಲ ಅಂತ ಗೋಳು ತೋಡಿಕೊಂಡನಂತೆ. 'ಇಂದು ಎತ್ತಿನ ದಿನ' ಎಂದು ಬರೆದು ಬಾಗಿಲಿಗೆ ತೂಗುಹಾಕು ಅಂದನಂತೆ ಪಂಡಿತ. ಆ ದಿನ 'ಉ' ಅಕ್ಷರದಿಂದ ಶುರುವಾಗುವ ಪದಾರ್ಥ ತಿಂದರೆ ಮೈಗೆ ಒಳ್ಳೆಯದೆಂಬ ನಂಬಿಕೆ ಜನರಲ್ಲಿತ್ತು. ಹಾವುಮೀನಿನ ಹೆಸರು 'ಉನಾಗಿ'. ಕಥೆ ನಿಜವೋ ಕಟ್ಟಿದ್ದೋ, ಜಪಾನಿನವರೇ ಅದನ್ನು ಜಾಹೀರಾತಿನ ಕಥೆಯಾಗಿ ನಗುತ್ತ ಹೇಳಿಕೊಳ್ಳುತ್ತಾರೆ. ಇಂದು ಆ ಅಂಗಡಿ ಯಾವುದೆಂದು ಯಾರಿಗೆ ಬೇಕು? ಮೀನು ಉಳಿಯಿತು, ಊಟ ಉಳಿಯಿತು, ಅಂಗಡಿಯವನು ಹೋದ. ನಮ್ಮ ಕಡೆಗೆ ಬಂದರೆ, ಸಾರ್ವಜನಿಕ ಗಣೇಶೋತ್ಸವಕ್ಕೆ ಟಿಳಕರು ಚಾಲನೆ ಕೊಟ್ಟದ್ದು 1893ರಲ್ಲಿ ಅಂತ ಶಾಲೆ ಪುಸ್ತಕದಲ್ಲೇ ಇದೆ. ಅವರ ಉದ್ದೇಶ ರಾಜಕೀಯ ಎನ್ನುವುದನ್ನು ಯಾರೂ ಮುಚ್ಚಿಡುವುದಿಲ್ಲ. ಹುಟ್ಟಿದ ತಾರೀಖು ಗೊತ್ತು ಅಂತ ಗಣಪತಿಯನ್ನು ಯಾರಾದರೂ ಕೂರಿಸದೆ ಬಿಟ್ಟಿದ್ದಾರೆಯೇ?

ಇನ್ನು ಕೊಲ್ಹಾಪುರದವರೂ ಬಿಡದ ಒಂದು ದಿನ ಇದೆ, ಅದನ್ನು ನಿನ್ನ ಪುಸ್ತಕದಲ್ಲಿ ಬರೆಯುವುದಿಲ್ಲ: ಗಟಾರಿ. ಆಷಾಢದ ಅಮಾವಾಸ್ಯೆ. ಪಂಚಾಂಗದ ಪ್ರಕಾರ ಅದು ದೀಪ ತೊಳೆದು ಪೂಜೆ ಮಾಡುವ ದಿನ. ಮಾರನೆಯ ದಿನದಿಂದ ಶ್ರಾವಣ, ಮಾಂಸ ಇಲ್ಲ, ಮದ್ಯ ಇಲ್ಲ. ಅದಕ್ಕೆ ಒಂದು ತಿಂಗಳ ಬಾಕಿಯನ್ನು ಒಂದೇ ದಿನ ತೀರಿಸುವವರು ಮಟನ್ ಅಂಗಡಿ ಮುಂದೆ ಪಾಳಿ ಹಚ್ಚುತ್ತಾರೆ. ಮನೆಮನೆಯಲ್ಲಿ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಕುಡಿದವರು ಗಟಾರಕ್ಕೆ ಬೀಳುತ್ತಾರೆ ಅಂತ ಯಾರೋ ಇಟ್ಟ ಅಡ್ಡಹೆಸರು ಹಬ್ಬದ ಹೆಸರೇ ಆಗಿಬಿಟ್ಟಿತು. ದೊಡ್ಡವರಿಗೆ ಅದರಿಂದ ಮುಜುಗರ. ಮೂಲ ಶಬ್ದ ಬೇರೆ, ಅರ್ಥ ಬೇರೆ ಅಂತ ವಾದ ಹೂಡುವವರೂ ಇದ್ದಾರೆ. ಹಬ್ಬ ಮಾತ್ರ ಅವರ ಅಪ್ಪಣೆಗೆ ಕಾಯುವುದಿಲ್ಲ. ಶಬ್ದದ ಮೇಲಿನ ನಗೆ, ಬಾಯಿರುಚಿ, ಒಂದು ತಾರೀಖು, ಜೊತೆಗೆ ನಾಲ್ಕು ಮಂದಿ — ಪೊಕ್ಕಿ ಹಬ್ಬಕ್ಕೆ ಬೇಕಾದ ಸಾಮಾನೆಲ್ಲ ಇಲ್ಲಿವೆ. ಇಲ್ಲದಿರುವುದು ಕಂಪನಿಯೊಂದೇ.

ಕಿರಿಯಳು: ನೋಡಿದಿರಾ, ಕೊನೆಗೆ ನನ್ನ ಮಾತಿಗೇ ಬಂದಿರಿ. ಕಂಪನಿಯೊಂದೇ ಅಂದಿರಲ್ಲ, ಆ ಒಂದರಲ್ಲೇ ಎಲ್ಲ ಇದೆ. ಕಾರಹುಣ್ಣಿಮೆಯ ಹಿಂದೆ ಹೊಲ ಇದೆ, ಮುಂಗಾರು ಬಿತ್ತನೆ ಇದೆ, ನೊಗ ಎಳೆದ ಪ್ರಾಣಿಯ ಮುಂದೆ ಒಂದು ದಿನ ತಲೆಬಾಗುವುದಿದೆ. ಬೇಂದೂರದ ಕೋಡುಬಳೆ ದುಡಿಮೆಯ ಋಣಕ್ಕೆ ಕಟ್ಟುಬಿದ್ದ ತಿಂಡಿ. ಚಾಕೊಲೇಟಿನ ಕಡ್ಡಿ ಯಾವ ಋಣ ತೀರಿಸುತ್ತದೆ?

ಹಿರಿಯರು: ಹೊಲದ ಹಬ್ಬವನ್ನು ಹೊಲದಲ್ಲಿ ನಿಂತು ನೋಡಿದರೆ ನಿನ್ನ ಮಾತು ಖರೆ. ಇಚಲಕರಂಜಿಯಲ್ಲಿ ನಿಂತು ನೋಡು. ಇಪ್ಪತ್ತನೇ ಶತಮಾನದ ಆರಂಭದಿಂದಲೂ ಅದು ಯಂತ್ರಮಗ್ಗದ ಊರು, ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡದ್ದು. ಮಗ್ಗದ ಸದ್ದಿನಲ್ಲಿ ಪಾಳಿ ಮುಗಿಸಿ ಬರುವವನಿಗೆ ಹೊಲ ಎಲ್ಲಿದೆ, ಎತ್ತು ಎಲ್ಲಿದೆ? ಆದರೂ ಬೇಂದೂರ ಬಂತೆಂದರೆ ಕುಂಬಾರರು ಮಣ್ಣಿನ ಎತ್ತು ಮಾರಲು ಕೂರುತ್ತಾರೆ. ಎರಡು ಎತ್ತು ಕೊಂಡು ತಂದು ಜಗಲಿಯ ಮೇಲಿಟ್ಟು ಪೂಜೆ ಮಾಡಿ, ಅಂಗಡಿಯಿಂದ ತಂದ ತಿಂಡಿಯನ್ನೇ ಎಡೆ ಇಡುವ ಮನೆಗಳು ಎಷ್ಟೋ. ಗಡಹಿಂಗ್ಲಜದ ಕಡೆಗೂ ಟ್ರ್ಯಾಕ್ಟರು ಬಂದ ಮೇಲೆ ಹಟ್ಟಿ ಬರಿದಾದ ಮನೆಗಳೇ ಹೆಚ್ಚು. ಊರಿನವರು ಒಂದು ಸಂಜೆ ಕೂಡಿ, ಓಡಿ ಬಂದ ಎತ್ತು ಕರಿಯ ತೋರಣ ಹರಿಯುವುದನ್ನು ನೋಡುವುದಕ್ಕೆ, ಉಳಿದಿರುವ ಎತ್ತುಗಳೇ ಸಾಕಾಗುತ್ತವೆ. ದುಡಿಮೆಯ ಋಣವೇ ಹಬ್ಬದ ಜೀವವಾಗಿದ್ದರೆ ಎತ್ತು ಹೋದ ವರ್ಷವೇ ಬೇಂದೂರ ಸಾಯಬೇಕಿತ್ತು. ಸಾಯಲಿಲ್ಲ. ಕಾರಣ ಹೋದ ಮೇಲೂ ಕೈಗಳಿಗೆ ರೂಢಿ ಉಳಿದಿರುತ್ತದೆ. ಬಳೆ ಹೊಸೆದು ಕೊಡುವ ಕೈ, ಇಸಿದುಕೊಳ್ಳುವ ಕೈ.

ಕಿರಿಯಳು: ಕೈ ಅಂದಿರಲ್ಲ, ಅದನ್ನೇ ಹಿಡಿಯುತ್ತೇನೆ. ಅಂಗಡಿಯಲ್ಲಿ ಕೊಂಡ ಕೋಡುಬಳೆಯನ್ನು ಮನೆಯಲ್ಲೂ ಮಾಡಬಹುದು. ಮಾಡುವುದಿಲ್ಲ, ಅದು ಬೇರೆ ಮಾತು. ಮಾಡಬಹುದು ಎನ್ನುವುದು ಮುಖ್ಯ. ಒಬ್ಬರು ಖಾರ ಹೆಚ್ಚು ಹಾಕುತ್ತಾರೆ, ಒಬ್ಬರು ಅಜವಾನ ಹಾಕುತ್ತಾರೆ, ಒಬ್ಬರದು ದಪ್ಪ, ಒಬ್ಬರದು ಸಣ್ಣ. ನವರಾತ್ರಿಯಲ್ಲಿ ಘಟದ ಮೇಲೆ ಕಟ್ಟುವ ಕಡಾಕಣಿ ನೋಡಿ, ಕೊಲ್ಹಾಪುರದಲ್ಲೂ ನಮ್ಮಲ್ಲೂ ಲಟ್ಟಿಸುವುದು ಮನೆಯ ಹೆಂಗಸರೇ. ಮನೆಗೊಂದು ಅಳತೆ, ಮನೆಗೊಂದು ಬಣ್ಣ. ಪಂಚಮಿಯ ಉಂಡಿಗಳನ್ನು ಎಣಿಸುವುದೇ ಬೇಡ: ಶೇಂಗಾದ್ದು, ಎಳ್ಳಿನದು, ಅಳ್ಳಿನದು, ಬೂಂದಿಯದು. ತವರಿಗೆ ಬಂದ ಹೆಣ್ಣುಮಕ್ಕಳು ಒಬ್ಬರ ಮನೆಯ ಉಂಡಿ ಇನ್ನೊಬ್ಬರ ಮನೆಗೆ ಒಯ್ದು ರುಚಿ ತೂಗುತ್ತಾರೆ. ಪೊಕ್ಕಿಯನ್ನು ಯಾರು ತೂಗುತ್ತಾರೆ? ಕೋಟಿ ಪೊಟ್ಟಣ ಬಿಚ್ಚಿದರೂ ಕಡ್ಡಿ ಒಂದೇ ಸಮ. ಅದನ್ನು ತಿನ್ನಬಹುದು, ಹಂಚಬಹುದು, ತಮ್ಮದು ಮಾಡಿಕೊಳ್ಳಲಿಕ್ಕೆ ಆಗುವುದಿಲ್ಲ.

ಹಿರಿಯರು: ತಂಗೆವ್ವಾ, ಈ ಏಟು ತಾಗಿತು. ಯಾರು ಶುರು ಮಾಡಿದರು, ಯಾವಾಗ ಮಾಡಿದರು ಅಂತ ನೀನು ಮೊದಲು ಹಾಕಿದ ಪ್ರಶ್ನೆಗಿಂತ ಈಗ ಹಾಕಿದ್ದು ಗಟ್ಟಿ ಪ್ರಶ್ನೆ, ನಾನು ಹೇಳಬೇಕೆಂದಿದ್ದದ್ದೂ ಇದೇ ಕಡೆಗಿದೆ. ಹಳೆಯದು, ಹೊಸದು ಎನ್ನುವುದು ಹಬ್ಬದ ಅಳತೆ ಅಲ್ಲ. ದೇವರಿದೆಯೇ ಇಲ್ಲವೇ ಎನ್ನುವುದೂ ಅಲ್ಲ. ಜನರ ಕೈಗೆ ಬಂದ ಮೇಲೆ ಅದು ಬದಲಾಗಬಲ್ಲದೇ, ಅದನ್ನಷ್ಟೇ ನೋಡಬೇಕು. ಕೊಲ್ಹಾಪುರದ ಆಂಬೀಲ ಯಾತ್ರೆ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ. ಮಾರ್ಗಶಿರದ ಹುಣ್ಣಿಮೆಗೆ ಕೊಲ್ಹಾಪುರದಿಂದ ಎಸ್.ಟಿ. ಬಸ್ಸು ತುಂಬಿಕೊಂಡು ಜನ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಕನ್ನಡ ನಾಡಿನ ದೇವಿ, ಮರಾಠಿ ಮಾತಾಡುವ ಭಕ್ತರು. ತಿರುಗಿ ಬಂದ ಮೇಲೆ ಊರಲ್ಲೇ ಹಳ್ಳದ ದಂಡೆಯ ರೇಣುಕೆಯ ಗುಡಿಯ ಮುಂದೆ ಇನ್ನೊಂದು ಜಾತ್ರೆ ಕೂಡುತ್ತದೆ, ಅದರ ಹೆಸರೇ ಆಂಬೀಲ. ನಮ್ಮ ಅಂಬಲಿ, ಅವರ ಆಂಬೀಲ, ಪಾತ್ರೆ ಒಂದೇ. ಜೊತೆಗೆ ವಡಿ, ಭಕ್ಕರಿ, ಘುಗರಿ, ಬದನೆಕಾಯಿ, ತಪ್ಪಲಿನ ಸಮೇತ ಹಸಿ ಉಳ್ಳಾಗಡ್ಡಿ, ಗಜ್ಜರಿ. ಮನೆಮನೆಯ ಬುಟ್ಟಿಯಿಂದ ಎಡೆ ಹೋಗುತ್ತದೆ, ಆಮೇಲೆ ಅಲ್ಲೇ ಕೂತು ಬಿಚ್ಚಿ ಹಂಚಿ ಉಣ್ಣುತ್ತಾರೆ. ದೇವಿಯ ಪರಡಿ ಬುಟ್ಟಿ ಹೊತ್ತವರು ಇರುತ್ತಾರೆ, ದೇವರಿದೆ, ಹರಕೆ ಇದೆ, ಆದರೂ ದಿನಕ್ಕೆ ಹೆಸರು ಕೊಟ್ಟದ್ದು ಜೋಳದ ಗಂಜಿ. ಬಡವರ ಮನೆಯಲ್ಲೂ ಅದು ಕುದಿಯುತ್ತದೆ. ಅದಕ್ಕೆ ಕಂಪನಿಯೂ ಇಲ್ಲ, ಕೀಲಿಯೂ ಇಲ್ಲ.

ಈಗ ಪೊಕ್ಕಿಗೆ ಬರೋಣ. 2013ರ ನವೆಂಬರ್ 11ರಂದು ಒಂದು ಹಗಲು, ಒಂದು ರಾತ್ರಿಯೊಳಗೆ ಟ್ವಿಟರಿನಲ್ಲಿ ಆ ತಿಂಡಿಯ ಹೆಸರು 37 ಲಕ್ಷಕ್ಕೂ ಹೆಚ್ಚು ಸಲ ಬಂತು; ಗಿನ್ನೆಸ್ ದಾಖಲೆಯೂ ಆಯಿತು. ಎಷ್ಟು ಮಂದಿ ಯಾರ ಜೊತೆ ಹಂಚಿಕೊಂಡರು ಎನ್ನುವುದು ಆ ದಾಖಲೆಯಲ್ಲಿಲ್ಲ; ಎಣಿಸಿದ್ದು ಹೆಸರನ್ನು. ಅಲ್ಲಿಗೆ ನಿನ್ನ ಅರ್ಥಶಾಸ್ತ್ರ ಗೆಲ್ಲುತ್ತದೆ. ಅಂಬಲಿಯ ಹೆಸರನ್ನು ಎಷ್ಟು ಸಲ ಹೇಳಿದರೂ ಯಾರ ಗಲ್ಲಾಪೆಟ್ಟಿಗೆಯೂ ತುಂಬುವುದಿಲ್ಲ.

ಆದರೂ ಆ ಹುಡುಗನ ಪರವಾಗಿ ಒಂದು ಮಾತು ಇಡುತ್ತೇನೆ. ಪರದೇಶದಲ್ಲಿ ಒಂಟಿಯಾಗಿ ನಿಂತವನಿಗೆ ದೊಡ್ಡ ಹಬ್ಬಗಳ ಬಾಗಿಲು ಎತ್ತರ. ಮನೆತನ ಬೇಕು, ಮಂತ್ರ ಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾರಿಗೆ ಮೊದಲು ಬಾಗಬೇಕು ಅಂತ ತಿಳಿದಿರಬೇಕು. ನಮ್ಮಲ್ಲೂ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ಹೊಡೆದಾಡಿದ ಚರಿತ್ರೆ ಬಹಳ ಹಿಂದಿನದಲ್ಲ; ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು ಅಸ್ಪೃಶ್ಯ ಜಾತಿಯ ಒಬ್ಬನಿಗೆ ಹೋಟೆಲು ಹಾಕಿಸಿ, ತಾವೇ ಹೋಗಿ ಚಹಾ ಕುಡಿಯಬೇಕಾಯಿತು. ಹಬ್ಬದ ಅಡುಗೆ ಎಷ್ಟು ಪವಿತ್ರವೋ ಅಷ್ಟು ಬೇಲಿ. ಚಾಕೊಲೇಟಿನ ಕಡ್ಡಿಗೆ ಮಡಿ ಇಲ್ಲ, ಮೈಲಿಗೆ ಇಲ್ಲ. ಕತ್ತರಿಸುವುದು ಬೇಡ, ಎಣಿಸಿ ಕೊಡಬಹುದು, ಕೈಗೆ ಅಂಟುವುದಿಲ್ಲ. ಮಾತು ಬಾರದವನೂ ಪೊಟ್ಟಣ ಚಾಚಿ ಹಬ್ಬದ ಒಳಗೆ ಬರಬಹುದು. ಕುಸುರೆಳ್ಳಿಗೂ ಇದೇ ಗುಣ ಇದೆ, ನೋಡು: ಒಣಗಿದ್ದು, ಕೆಡದ್ದು, ಚಿಟಿಕೆಯಲ್ಲಿ ಕೊಡುವಂಥದು, ಜಗಳ ಆಡಿದವನ ಕೈಗೂ ಹಾಕಬಹುದಾದದ್ದು. ಹಂಚುವ ತಿಂಡಿಗೆ ಬೇಕಾದ ಮೈಕಟ್ಟು ಒಂದಿರುತ್ತದೆ. ಗ್ಲಿಕೊ ಕಂಪನಿಗೆ ಅದು ತಿಳಿದಿತ್ತು, ನಮ್ಮ ಅಜ್ಜಿಯರಿಗೂ ತಿಳಿದಿತ್ತು.

ಕಿರಿಯಳು: ಬಾಗಿಲು ತಗ್ಗು ಎನ್ನುವುದನ್ನು ಒಪ್ಪಿದೆ. ಬಾಗಿಲು ತಗ್ಗಿದ್ದರೆ ಒಳಗೆ ಸರಕು ತುಂಬುವುದೂ ಸುಲಭ. ಅದೇ ದೇಶದಲ್ಲಿ ಫೆಬ್ರುವರಿಯ ಸೆತ್ಸುಬುನ್ ಹಬ್ಬಕ್ಕೆ, ಒಂದು ಶುಭ ದಿಕ್ಕಿಗೆ ಮುಖ ಮಾಡಿ, ಮಾತಾಡದೆ ಒಂದು ಇಡೀ ಅನ್ನದ ಸುರುಳಿ ತಿನ್ನುವ ರೂಢಿ ಇದೆ, ಎಹೊಮಾಕಿ ಅಂತ. ಮೊದಲು ಅದು ಒಸಾಕಾದ ಕಡೆಯ ಪದ್ಧತಿ. ಇಪ್ಪತ್ತನಾಲ್ಕು ತಾಸು ತೆರೆದಿರುವ ಅಂಗಡಿಗಳ ಸರಪಳಿಗಳು ಅದನ್ನು ಎತ್ತಿಕೊಂಡು ತೊಂಬತ್ತರ ದಶಕದ ಕೊನೆಗೆ ದೇಶವೆಲ್ಲ ಹರಡಿದವು. ಹರಡಿ ಏನಾಯಿತು? ಒಂದು ರಾತ್ರಿ ಕಳೆದರೆ ಯಾರಿಗೂ ಬೇಡದ ಸುರುಳಿಗಳು ರಾಶಿ ರಾಶಿ ಕಸಕ್ಕೆ. 2019ರಲ್ಲಿ ಜಪಾನಿನ ಕೃಷಿ ಮಂತ್ರಾಲಯವೇ ವ್ಯಾಪಾರಿಗಳಿಗೆ, ಬೇಡಿಕೆ ಇದ್ದಷ್ಟೇ ಮಾಡಿ ಅಂತ ಹೇಳಬೇಕಾಯಿತು. ಜನರ ಕೈಯಲ್ಲಿದ್ದ ತಿಂಡಿ ಕಂಪನಿಯ ಕೈಗೆ ಹೋದ ಕಥೆ ಇದು. ನೀವು ಹೇಳುವ ಬದಲಾವಣೆ ಎರಡೂ ದಿಕ್ಕಿಗೆ ಹರಿಯುತ್ತದೆ, ಕಾಕಾ.

ಹಿರಿಯರು: ಹರಿಯುತ್ತದೆ, ಅದಕ್ಕೇ ತಿರುಗಿ ಬಂದದ್ದಕ್ಕೂ ಒಂದು ಸಾಕ್ಷಿ ಕೊಡುತ್ತೇನೆ. ಜಪಾನಿನಿಂದ ಸಮುದ್ರ ದಾಟಿ ಕೊರಿಯಾಕ್ಕೆ ಬಾ. ಅಲ್ಲಿ ಪೊಕ್ಕಿಯಂಥದೇ ಕಡ್ಡಿ ಇದೆ, ಪೆಪೆರೊ. ಲೊಟ್ಟೆ ಕಂಪನಿ 1983ರಲ್ಲಿ ಮಾಡಿದ್ದು. ನವೆಂಬರ್ 11ಕ್ಕೆ ಅದನ್ನು ಹಂಚುವುದು ಅಲ್ಲಿ ಜಪಾನಿಗಿಂತಲೂ ಮೊದಲೇ ಶುರುವಾಗಿತ್ತು. ಶಾಲೆಯ ಹುಡುಗಿಯರು ತಮ್ಮತಮ್ಮಲ್ಲೇ, ಕಡ್ಡಿಯ ಹಾಗೆ ಉದ್ದ ಬೆಳೆ, ಸಪೂರ ಆಗು ಅಂತ ಹರಸಿ ಕೊಟ್ಟುಕೊಳ್ಳುತ್ತಿದ್ದರೆಂದೂ ಕಂಪನಿ ಆಮೇಲೆ ಅದರ ಬೆನ್ನು ಹತ್ತಿತೆಂದೂ ಹೇಳುತ್ತಾರೆ. ಅದೇ ತಾರೀಖು 1996ರಿಂದ ಅಲ್ಲಿ ರೈತರ ದಿನವೂ ಹೌದು. ಕಾರಣ ಕೇಳಿದರೆ ನಿನಗೆ ಖುಷಿಯಾಗುತ್ತದೆ. ಚೀನೀ ಬರಹದಲ್ಲಿ ಹತ್ತಕ್ಕೆ ಅಡ್ಡ–ಉದ್ದ ಗೆರೆಗಳ ಶಿಲುಬೆಯಂಥ ಗುರುತು, ಒಂದಕ್ಕೆ ಒಂದು ಅಡ್ಡಗೆರೆ. ಹತ್ತರ ಕೆಳಗೆ ಒಂದನ್ನು ಇಟ್ಟರೆ, ಅಂದರೆ ಹನ್ನೊಂದನ್ನು ಒಂದರ ಮೇಲೊಂದು ಪೇರಿಸಿದರೆ, ಆಗುವ ಅಕ್ಷರಕ್ಕೆ ಅರ್ಥ 'ಮಣ್ಣು'. ಹನ್ನೊಂದನೇ ತಿಂಗಳ ಹನ್ನೊಂದನೇ ದಿನ, ಮಣ್ಣಿನ ಮೇಲೆ ಮಣ್ಣು. ಇದೂ ಚೇಷ್ಟೆಯೇ! ಚೀನಾದಲ್ಲಿ ಅವೇ ನಾಲ್ಕು ಒಂದುಗಳು ನಾಲ್ಕು ಜನ ಒಂಟಿ ಹುಡುಗರಂತೆ ಕಂಡು ಮದುವೆಯಾಗದವರ ದಿನವಾಯಿತು. 2009ರಿಂದ ಅಲಿಬಾಬಾ ಕಂಪನಿ ಅದನ್ನು ದೊಡ್ಡ ಸಂತೆ ಮಾಡಿಕೊಂಡಿತು. ಒಂದೇ ಅಂಕಿಯಲ್ಲಿ ಒಬ್ಬರಿಗೆ ತಿಂಡಿ, ಒಬ್ಬರಿಗೆ ಒಂಟಿತನ, ಒಬ್ಬರಿಗೆ ಮಣ್ಣು ಕಂಡಿತು. ಕೊರಿಯಾದಲ್ಲಿ ಮುಂದೆ ಏನಾಯಿತೆಂದರೆ, ರೈತರ ದಿನವನ್ನು ಬಿಸ್ಕಿಟು ನುಂಗಿಹಾಕಿತೆಂದು ಬೇಸರಪಟ್ಟವರು 2000ದ ದಶಕದಲ್ಲಿ ಅದೇ ದಿನ ಗರೆತೊಕ್ ಹಂಚಲು ಶುರು ಮಾಡಿದರು. ಗರೆತೊಕ್ ಅಂದರೆ ಅಕ್ಕಿಹಿಟ್ಟಿನ ಉದ್ದನೆಯ ಬಿಳಿ ಕಡ್ಡಿ, ಅವರ ಅಜ್ಜಿಯರ ಕಾಲದ್ದು. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು, ಅವರು ಹಬ್ಬವನ್ನು ಬಹಿಷ್ಕರಿಸಲಿಲ್ಲ, ತಾರೀಖು ಬದಲಿಸಲಿಲ್ಲ, ಕಡ್ಡಿ ಹಿಡಿದವರಿಗೆ ಉಪದೇಶವನ್ನೂ ಮಾಡಲಿಲ್ಲ. ಕಡ್ಡಿಯ ಜಾಗಕ್ಕೆ ಇನ್ನೊಂದು ಕಡ್ಡಿ ಇಟ್ಟರು. ಈ ಕಡ್ಡಿಯನ್ನು ಮನೆಯಲ್ಲಿ ಮಾಡಬಹುದು.

ಕಿರಿಯಳು: ಪೆಪೆರೊ ಸೋತಿತೇ?

ಹಿರಿಯರು: ಇಲ್ಲ. ಈಗಲೂ ಅಲ್ಲಿ ಆ ದಿನ ಬಿಸ್ಕಿಟಿನದೇ ಜೋರು. ಸೋಲಿಸಬೇಕು ಎನ್ನುವುದೂ ನನ್ನ ವಾದ ಅಲ್ಲ. ಕಂಪನಿ ಸಾರಿದ ದಿನವೂ ಕಂಪನಿಯದೇ ಆಗಿ ಉಳಿಯಬೇಕಿಲ್ಲ ಎನ್ನುವುದಷ್ಟೇ ವಾದ. ದಿನ ಒಂದು ಖಾಲಿ ಪಾತ್ರೆ, ಅದಕ್ಕೆ ಮೊದಲು ಏನು ಸುರಿದರು ಅಂತ ಪಾತ್ರೆಯನ್ನೇ ಎಸೆಯಬೇಡ.

ಕಿರಿಯಳು: ಹಾಗಾದರೆ ಇಲ್ಲಿಗೆ ಬನ್ನಿ. ಕೊಲ್ಹಾಪುರದಲ್ಲಿ ಮಿಸಳ ದಿನ ಮಾಡೋಣ, ಭಡಂಗ ದಿನ ಮಾಡೋಣ ಅಂತ ಯಾರಾದರೂ ಹೊರಟರೆ ನೀವು ಚಪ್ಪಾಳೆ ಹೊಡೆಯುತ್ತೀರೇನು? ನನಗೆ ಹೆದರಿಕೆ ಆಗುವುದು ಅಲ್ಲೇ. ಹೆಸರಾದ ನಾಲ್ಕು ಹೋಟೆಲು ಫಲಕ ಹಾಕುತ್ತವೆ, ಒಬ್ಬ ಪುಢಾರಿ ಬಂದು ರಿಬ್ಬನ್ ಕತ್ತರಿಸುತ್ತಾನೆ, ಗಾಡಿಯ ಮೇಲೆ ಮಿಸಳ ಮಾರುವವನು ದೂರ ನಿಂತು ನೋಡುತ್ತಾನೆ. ಬೆಲ್ಲದ್ದೇ ನೋಡಿ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾವಲು ಸಿಕ್ಕಿತು, ಒಳ್ಳೆಯದೇ. ಆದರೆ ಸಕ್ಕರೆ ಕಾರಖಾನೆಗಳ ನಡುವೆ ಬೆಲ್ಲದ ಆಲೆಮನೆಗಳಾದ ಗುರ್‍ಹಾಳಗಳು ಒಂದೊಂದೇ ಮುಚ್ಚುವುದು ಅದರಿಂದ ನಿಂತಿಲ್ಲ. ಸರಕಾರಿ ದಿನಾಚರಣೆಯಲ್ಲಿ ಭಾಷಣ ಇರುತ್ತದೆ, ಬಾಯಿ ಸಿಹಿ ಇರುವುದಿಲ್ಲ.

ಹಿರಿಯರು: ದಿನ ಗೊತ್ತು ಮಾಡಿ ಅಂತ ನಾನು ಹೇಳುವುದಿಲ್ಲ. ಗುರ್‍ಹಾಳಕ್ಕೆ ಕರೆಯೋಲೆ ಬೇಕೇ? ನಮ್ಮ ಕಡೆ ಗಾಣ ಹೂಡಿದ್ದಾರೆಂದು ಗೊತ್ತಾದರೆ ದಾರಿಹೋಕನೂ ಒಳಗೆ ಬರಬಹುದು. ಒಂದು ಲೋಟ ಕಬ್ಬಿನ ಹಾಲು, ಕೊಪ್ಪರಿಗೆಯ ಅಂಚಿನಿಂದ ಒಂದಿಷ್ಟು ಕಾಕವಿ, ಎಲೆಯ ಮೇಲೆ ಬಿಸಿ ಬೆಲ್ಲದ ಮುದ್ದೆ. ಇದು ಕೊಡುವವನ ಮರ್ಯಾದೆ, ತಿನ್ನುವವನ ಹಕ್ಕು. ಒಸಾಕಾಕ್ಕೆ ಹೋದ ಆ ಹುಡುಗನ ಕಥೆಯನ್ನು ತಿರುಗಿಸಿ ಹಾಕು. ಶಿವಾಜಿ ವಿದ್ಯಾಪೀಠಕ್ಕೆ ಒಸಾಕಾದಿಂದ ಒಬ್ಬ ಹುಡುಗಿ ಓದಲಿಕ್ಕೆ ಬಂದಳು ಅಂತ ಇಟ್ಟುಕೋ. ಪಂಚಗಂಗೆಯ ದಂಡೆಯ ಗುರ್‍ಹಾಳವೊಂದರ ಮುಂದೆ ಅವಳು ನಿಂತರೆ, ಯಾವ ದೇವರದು ಅಂತ ಕೇಳಿದರೆ, ಗಾಣದವನು ಏನು ಹೇಳುತ್ತಾನೆ? ಏನೂ ಹೇಳುವುದಿಲ್ಲ, ಬೆಲ್ಲ ಕೊಡುತ್ತಾನೆ. ಅವಳಿಗೆ ತನ್ನ ಊರಿನ ನವೆಂಬರ್ ನೆನಪಾಗುತ್ತದೆ.

ಕಿರಿಯಳು: ನವೆಂಬರ್ ಅಂದಿರಿ, ಅದು ಇಲ್ಲಿ ಅಷ್ಟು ಹಗುರವಾದ ತಿಂಗಳಲ್ಲ. ದಸರಾ–ದೀಪಾವಳಿಯ ಆಸುಪಾಸು ಜಯಸಿಂಗಪುರದಲ್ಲಿ ಕಬ್ಬು ಬೆಳೆಗಾರರ ಊಸ್ ಪರಿಷತ್ ಕೂಡುತ್ತದೆ, ಟನ್ನಿಗೆ ಇಷ್ಟು ಕೊಟ್ಟರೇ ಕೋಯ್ತಾ ಎತ್ತುತ್ತೇವೆ ಅಂತ ರೈತರು ದರ ಸಾರುತ್ತಾರೆ. ಕೆಲವು ವರ್ಷ ರಸ್ತೆ ಮೇಲೆ ಟೈರು ಸುಟ್ಟದ್ದೂ ಇದೆ, ಟ್ರ್ಯಾಕ್ಟರಿನ ಗಾಳಿ ಬಿಟ್ಟದ್ದೂ ಇದೆ. ನಿಮ್ಮ ಹುಡುಗಿ ಆ ದಿನ ಬಂದರೆ ಬೆಲ್ಲದ ಬದಲು ಬಂದ್ ಸಿಗುತ್ತದೆ.

ಹಿರಿಯರು: ಸಿಗಲಿ. ಕೊರಿಯಾದ ಹುಡುಗಿ ಆದರೆ ಇನ್ನೂ ಬೇಗ ಅರ್ಥ ಮಾಡಿಕೊಳ್ಳುತ್ತಾಳೆ, ಮಣ್ಣಿನವರ ದಿನ ಇದೇ ತಿಂಗಳು ಅಂತ. ದರದ ಜಗಳ, ಬಾಯಿಯ ಸಿಹಿ, ಎರಡೂ ಒಂದೇ ಕಬ್ಬಿನದು. ಆದರೆ ಆ ಇಚಲಕರಂಜಿಯ ಹುಡುಗನನ್ನು ಒಸಾಕಾದಲ್ಲೇ ಬಿಟ್ಟು ಬಂದೆವಲ್ಲ. ಅವನ ಕೈಯಲ್ಲಿ ಇನ್ನೂ ಆ ಕಡ್ಡಿ ಇದೆ.

ಕಿರಿಯಳು: ಅವನು ಈಗ ಕಾಗದದ ಮೇಲೆ ಬರೆದ 11–11 ನೋಡುತ್ತಿದ್ದಾನೆ. ಅವನಿಗೆ ಏನು ಕಾಣಬೇಕು ಅಂತ ನಾನು ಹೇಳಲೇ? ಕಾರ್ತಿಕದಲ್ಲಿ ತುಳಸಿ ಲಗ್ನ. ಎಷ್ಟೋ ವರ್ಷ ಅದು ಬರುವುದು ಇದೇ ತಾರೀಖಿನ ಆಚೆ ಈಚೆ. ಕಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕಬ್ಬು ನಿಲ್ಲಿಸಿ, ಗರಿಗಳನ್ನು ಮೇಲೆ ಕೂಡಿಸಿ ಕಟ್ಟಿ, ಮಾಂಡವ ಮಾಡುತ್ತಾರೆ. ಅಂತರಪಟ ಹಿಡಿದು ಅಕ್ಷತೆ ಹಾಕಿದ ಮೇಲೆ, ಹುಡುಗರು ಆ ಕಬ್ಬುಗಳನ್ನು ಕಿತ್ತು, ಮೊಣಕಾಲಿಗೆ ಕೊಟ್ಟು ಮುರಿದು ಹಂಚಿಕೊಳ್ಳುತ್ತಾರೆ.

ಹಿರಿಯರು: ಮುರಿದಾಗ ಸದ್ದು ಹೇಗೆ ಬರುತ್ತದೆ?

ಕಿರಿಯಳು: 'ಪೊಕ್ಕಿನ್' ಅಂತ ಅಲ್ಲ ಬಿಡ್ರಿ. ನಮ್ಮ ಕಿವಿಗೆ ಅದು ಲಟಕ್ಕನೆ ಕೇಳುತ್ತದೆ.